ಅಂಚಿನ ಮೇಲೊಂದು ಚುಕ್ಕಿ

ನಮ್ಮ ಟಂಕಸಾಲೆಯಲ್ಲಿ ಎಲ್ಲರೂ ಅವರನ್ನು ಒಕ್ಕಣ್ಣ ಎನ್ನುತ್ತಿದ್ದರು. ಕಣ್ಣು ಎರಡೂ ನೆಟ್ಟಗೇ ಇದ್ದವು. ಬೆಳಗ್ಗೆ ಎಂಟಕ್ಕೆ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಎಡಗಣ್ಣು ಮುಚ್ಚಿದರೆ, ಸಂಜೆ ಗಂಟೆ ಹೊಡೆಯುವವರೆಗೂ ಆ ಎಡಗಣ್ಣಿಗೆ ರಜೆ. ನಾಣ್ಯದ ಅಚ್ಚು ಕೊರೆಯುವುದು ಅವರ ಕೆಲಸ. ಉಕ್ಕಿನ ತುಂಡಿನ ಮೇಲೆ ಎಲ್ಲವನ್ನೂ ತಿರುವುಮುರುವಾಗಿ ಬಿಡಿಸಬೇಕು, ನಾಣ್ಯದಲ್ಲಿ ಉಬ್ಬಬೇಕಾದ್ದನ್ನು ಅಚ್ಚಿನಲ್ಲಿ ತಗ್ಗು ಮಾಡಬೇಕು. ಮೂವತ್ತೊಂದು ವರ್ಷ ಅದನ್ನೇ ಮಾಡಿದ ಮನುಷ್ಯ ಮಾತನ್ನೂ ಹಾಗೇ ಆಡುತ್ತಿದ್ದರು. ಮುಖ್ಯವಾದದ್ದನ್ನು ಒಳಗೆ ತಳ್ಳಿಬಿಟ್ಟು, ಉಳಿದದ್ದನ್ನು ಹೇಳುವುದು.

ನನಗೆ ಅವರು ಭಾವ. ರಕ್ತಸಂಬಂಧವೇನೂ ಇಲ್ಲ, ಕ್ವಾರ್ಟರ್ಸಿನಲ್ಲಿ ನಮ್ಮದೂ ಅವರದೂ ಒಂದೇ ಗೋಡೆ. ಅವರ ಹೆಂಡತಿಯನ್ನು ನಾನು ಬಂದ ವರ್ಷದಿಂದಲೇ ಅಕ್ಕ ಎಂದೆ. ಅವಳು ಅಕ್ಕನಾದ ಮೇಲೆ ಇವರು ಭಾವನಾಗದೆ ಏನು ಮಾಡಿಯಾರು?

ಅಕ್ಕನಿಗೆ ಮೂವತ್ತೆಂಟಕ್ಕೆ ಕಣ್ಣು ಮಂಜಾಗತೊಡಗಿ ನಲವತ್ತೆರಡಕ್ಕೆ ಪೂರ್ತಿ ಹೋಯಿತು. ಭಾವ ಆಗ ಮಾಡಿದ ಜೋಕು ಇಡೀ ಕ್ವಾರ್ಟರ್ಸಿಗೆ ಬಾಯಿಪಾಠವಾಗಿತ್ತು: "ನಮ್ಮಿಬ್ಬರಿಗೂ ಸೇರಿ ಇರೋದು ಒಂದೇ ಕಣ್ಣು. ಅದನ್ನೂ ಹಗಲೆಲ್ಲ ಸರ್ಕಾರಕ್ಕೆ ಬಾಡಿಗೆ ಕೊಟ್ಟಿದೀವಿ." ನಗುತ್ತಲೇ ಹೇಳುತ್ತಿದ್ದರು. ನಾವೂ ನಗುತ್ತಿದ್ದೆವು. ಅಕ್ಕ ಮಾತ್ರ ನಗದೆ, ಗೇಟಿನ ಎದುರು ಬಸ್ ನಿಲ್ಲುವ ಕಡೆ ಒಂದು ಕಿಟಕಿಯಂಗಡಿ ಹಿಡಿದು ಕೂತುಬಿಟ್ಟಳು. ಪೇಪರು, ಬೆಂಕಿಪೊಟ್ಟಣ, ಸೋಪು, ಪೆನ್ನು, ಬಿಸ್ಕತ್ತು. "ಯಾರ ಕೈ ಹಿಡ್ಕೊಂಡೂ ನಾನು ಬದುಕಲ್ಲ," ಎಂದಿದ್ದಳು. ಹಾಗೇ ಬದುಕಿದಳು.

ಅವಳ ಅಂಗಡಿ ನಡೆಯುತ್ತಿದ್ದದ್ದು ಬಲಗೈ ಹೆಬ್ಬೆರಳಿನಿಂದ. ನಾಣ್ಯದ ಬಿಲ್ಲೆ ಕೈಗೆ ಬಿದ್ದೊಡನೆ ಹೆಬ್ಬೆರಳು ಅದರ ಅಂಚಿನ ಸುತ್ತ ಒಂದು ಸುತ್ತು ಹೋಗಿ ಬರುವುದು. ಅಂಚು ನುಣ್ಣಗಿದ್ದು ಬಿಲ್ಲೆ ಸಣ್ಣದಾದರೆ ಒಂದು, ಅಂಚಿಗೆ ಹಲ್ಲಿದ್ದರೆ ಐದು, ದೊಡ್ಡದಾದರೆ ಹತ್ತು. ನೋಟಾದರೆ ಅಂಗೈ ಮೇಲೆ ಹಾಸಿ ಉದ್ದ ನೋಡುವಳು. ಎಡಗಡೆ ಒಂದು ತಗಡಿನ ಬಟ್ಟಲು, ಬಲಗಡೆ ಒಂದು, ನಡುವೆ ಒಂದು. ನೋಡುವವರಿಗಿಂತ ಬೇಗ ಚಿಲ್ಲರೆ ಕೊಡುತ್ತಿದ್ದಳು. ತೂತು ಬಿದ್ದ ಬಿಲ್ಲೆ ಕೊಟ್ಟು ನೋಡೋಣ ಎಂದವರು ಬೈಸಿಕೊಂಡು ಹೋಗಿದ್ದಾರೆ.

ಆಮೇಲೆ ಒಂದರ ಬಿಲ್ಲೆಯನ್ನು ನಿಲ್ಲಿಸಿದರು. ಒಂದರ ಬಿಲ್ಲೆ ಮಾಡಲು ಎರಡರಷ್ಟು ಖರ್ಚು, ಜನ ಅದನ್ನು ಡಬ್ಬಿಗೆ ಹಾಕಿ ಮರೆಯುತ್ತಾರೆ, ಯಾರಿಗೂ ಬೇಡ ಎಂದರು. ಲೆಕ್ಕ ಸರಿಯೇ. ಆದರೆ ಆ ಬಿಲ್ಲೆಯ ಮೇಲಿನ ಜೇನುಹುಳು ಭಾವನ ಮೊಟ್ಟಮೊದಲ ಕೆಲಸ. ಇಪ್ಪತ್ತಾರನೇ ವಯಸ್ಸಿನಲ್ಲಿ ಕೊರೆದದ್ದು. ರೆಕ್ಕೆಯ ನರಗಳನ್ನು ಲೆಕ್ಕ ಹಾಕಿ ಬಿಡಿಸಿದ್ದರಂತೆ. ಆ ನರಗಳನ್ನು ನೋಡಿದವರು ನಾಡಿನಲ್ಲಿ ನಾಲ್ಕು ಜನವೂ ಇರಲಿಕ್ಕಿಲ್ಲ. ಕೊನೆಯ ಚೀಲ ಹೊಲಿದ ದಿನ ಅವರು ಪ್ಯಾಕಿಂಗ್ ಹಾಲಿಗೆ ಬಂದು ನನ್ನ ಯಂತ್ರದ ಪಕ್ಕ ನಿಂತರು.

"ಏನ್ ಭಾವ, ಹುಳಕ್ಕೆ ಮಣ್ಣು ಹಾಕೋಕೆ ಬಂದ್ರಾ?" ಎಂದೆ. ನನ್ನ ಬಾಯಿ ಮೊದಲಿಂದಲೂ ಇಷ್ಟೇ.

"ಹೋಗ್ಲಿ ಬಿಡು," ಎಂದರು. "ಸಣ್ಣದು ಹೋದ್ರೆ ಅದರ ಮೇಲಿನವನೇ ಸಣ್ಣೋನಾಗ್ತಾನೆ. ಇನ್ನು ಐದರ ಪಾಡು ನೋಡು."

ಹಾಗೇ ಆಯಿತು. ಒಂದು ಹೋದ ಮೇಲೆ ಉಳಿದ ಬಿಲ್ಲೆಗಳನ್ನೂ ನೋಟುಗಳನ್ನೂ ಹೊಸದಾಗಿ ಮಾಡಬೇಕೆಂದು ಸಮಿತಿ ಕೂತಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಸಮಿತಿ. ಒಬ್ಬರಿಗೆ ಐದರ ಮೇಲೆ ಸೇತುವೆ ಬೇಕು, ಇನ್ನೊಬ್ಬರಿಗೆ ಹಡಗು ಬೇಕು. ಚಿತ್ರಕ್ಕಾಗಿ ಏಳು ತಿಂಗಳು ಜಗಳವಾಡಿ ಕೊನೆಗೆ ಸೇತುವೆಗೆ ಒಪ್ಪಿದವರು ಅಳತೆಯನ್ನು ಅರ್ಧ ಗಂಟೆಯಲ್ಲಿ ಮುಗಿಸಿದರು. ಲೋಹ ಉಳಿಸಲು ಐದನ್ನೂ ಹತ್ತನ್ನೂ ಕುಗ್ಗಿಸಿದರು. ಎರಡೂ ಹೆಚ್ಚುಕಡಿಮೆ ಒಂದೇ ಅಗಲ, ಒಂದೇ ದಪ್ಪ. ಬಣ್ಣ ಬೇರೆ, ಐದು ಬೆಳ್ಳಗೆ, ಹತ್ತು ಹಳದಿ. ಕಣ್ಣಿದ್ದವರಿಗೆ ಅಷ್ಟು ಸಾಕಲ್ಲ. ಅಂಚಿಗೆ ಹಲ್ಲು ಹಾಕಲು ಅಚ್ಚಿನ ಸುತ್ತ ಬೇರೆ ಉಕ್ಕಿನ ಬಳೆ ಬೇಕಾಗುತ್ತದೆಂದು ಎರಡಕ್ಕೂ ನುಣ್ಣನೆಯ ಅಂಚು. ನೋಟುಗಳೂ ಯಂತ್ರಕ್ಕೆ ಅನುಕೂಲವಾಗಲೆಂದು ಎಲ್ಲ ಒಂದೇ ಉದ್ದವಾದವು. ಕಣ್ಣಿಲ್ಲದವರಿಗೆಂದು ನೋಟಿನ ಅಂಚಿಗೆ ಉಬ್ಬುಗೆರೆ ಹಾಕಿದ್ದರು, ಇಲ್ಲ ಎನ್ನಬಾರದು. ಮೂರು ವಾರ ಜೇಬಿನಲ್ಲಿ ತಿರುಗಿದ ನೋಟಿನಲ್ಲಿ ಆ ಗೆರೆ ಹುಡುಕಿದರೆ ಸಿಗುವುದು ಕೊಳೆ ಒಂದೇ.

ಭಾವ ಸಮಿತಿಗೆ ಅರ್ಜಿ ಬರೆದರು. ಐದಕ್ಕೆ ಹಲ್ಲು ಕೊಡಿ, ಇಲ್ಲವೇ ಅಂಚಿನಲ್ಲಿ ಒಂದು ಕಚ್ಚು ಕೊಡಿ ಎಂದು ಕೇಳಿದರು. ಮುಂದಿನ ಸರಣಿಯಲ್ಲಿ ಪರಿಶೀಲಿಸಲಾಗುವುದು ಎಂದು ಉತ್ತರ ಬಂತು. ಮುಂದಿನ ಸರಣಿ ಬರಲು ಇಪ್ಪತ್ತು ವರ್ಷ ಬೇಕು. ಅಕ್ಕನಿಗೆ ಆಗ ಐವತ್ತೈದು.

ಆ ಉತ್ತರ ಬಂದ ವಾರ ಮಾದರಿ ಬಿಲ್ಲೆಗಳು ಪಾಸಾದವು. ಆ ಮಾದರಿಗಳನ್ನೇ ಐವತ್ತು ಪೇರಿಸಿ, ಆ ಎತ್ತರಕ್ಕೆ ಸರಿಯಾಗಿ ನಮ್ಮ ಫಿಟ್ಟರು ನನಗೊಂದು ಹಿತ್ತಾಳೆಯ ಗೇಜು, ಎಂದರೆ ಅಳತೆಪಟ್ಟಿ, ಕತ್ತರಿಸಿಕೊಟ್ಟರು. ಹೊಸ ಐದರ ಸಾಲು ನನ್ನದು. ನನ್ನ ಕೆಲಸವನ್ನು ಇಲ್ಲೇ ಹೇಳಿಬಿಡಬೇಕು. ಬಿಲ್ಲೆಗಳು ಕೊಳವೆಯೊಳಗೆ ಒಂದರ ಮೇಲೊಂದು ಬೀಳುತ್ತವೆ. ಗೇಜಿನ ಮಟ್ಟ ಮುಟ್ಟಿದಾಗ ಅಡ್ಡಪಟ್ಟಿ ಬೀಳುತ್ತದೆ, ಕಾಗದ ಸುತ್ತಿಕೊಳ್ಳುತ್ತದೆ, ನಾನು ಎರಡೂ ತುದಿ ಮಡಚಿ ನನ್ನ ನಂಬರು ಒತ್ತುತ್ತೇನೆ. ಹದಿನೇಳು. ಯಂತ್ರ ಎಣಿಸುವುದಿಲ್ಲ, ಎತ್ತರ ನೋಡುತ್ತದೆ. ರೋಲಿನೊಳಗೆ ಐವತ್ತಿದೆ ಎಂಬುದಕ್ಕೆ ಬ್ಯಾಂಕಿಗೆ ಸಿಗುವ ಸಾಕ್ಷಿ ನನ್ನ ಹದಿನೇಳು ಒಂದೇ.

ಹೊಸ ಬಿಲ್ಲೆ ಬೀದಿಗೆ ಬಂದ ದಿನ ಅಕ್ಕನ ಅಂಗಡಿಗೆ ಹೋಗಲು ನನಗೆ ಧೈರ್ಯ ಬರಲಿಲ್ಲ. ಮಾರನೆಯ ದಿನ ಹೋದರೆ, ಅವಳು ಎಂದಿನಂತೆ ಕೂತಿದ್ದಾಳೆ! ಹೊಸ ಐದು ಎಡಗಡೆಯ ಬಟ್ಟಲಿಗೆ, ಹೊಸ ಹತ್ತು ಬಲಗಡೆಯದಕ್ಕೆ. ಒಂದೂ ತಪ್ಪಲಿಲ್ಲ. ನಾನೇ ಕಣ್ಣು ಮುಚ್ಚಿ ಮುಟ್ಟಿ ನೋಡಿದರೆ ತಲೆಬುಡ ತಿಳಿಯಲಿಲ್ಲ.

"ಹೆಂಗಕ್ಕ ಗೊತ್ತಾಗುತ್ತೆ?"

"ನಿಂಗೆ ಕಣ್ಣಿದೆಯಲ್ಲ, ಬೆರಳ್ಯಾಕೆ ಬೇಕು," ಎಂದು ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನೋಡಿ ಎಷ್ಟೋ ವರ್ಷವಾಗಿತ್ತು. ಅಕ್ಕನ ಬೆರಳಿಗೆ ಏನೋ ಸಿದ್ಧಿಸಿದೆ ಎಂದುಕೊಂಡೆ. ಹೊಟ್ಟೆ ತಣ್ಣಗಾಯಿತು.

ಮೂರನೇ ವಾರ ಬ್ಯಾಂಕುಗಳಿಂದ ಕಾಗದ ಬರಲು ಶುರುವಾಯಿತು. ಐದರ ರೋಲಿನಲ್ಲಿ ಐವತ್ತಿಲ್ಲ, ನಲವತ್ತೊಂಬತ್ತಿದೆ. ಒಂದು ಬ್ಯಾಂಕಲ್ಲ, ಹನ್ನೆರಡು ಬ್ಯಾಂಕು. ಒಂದು ರೋಲಲ್ಲ, ಒಡೆದದ್ದೆಲ್ಲ. ಎಲ್ಲದರ ಮೇಲೂ ಹದಿನೇಳು.

ಪೆಟ್ಟಿಗೆ ತೂಗುವ ಯಂತ್ರವನ್ನು ಹೊಸ ತೂಕಕ್ಕೆ ಇನ್ನೂ ಹೊಂದಿಸಿರಲಿಲ್ಲ, ಆ ತಿಂಗಳು ಅದು ಬಂದ್. ಹಾಗಾಗಿ ತಪ್ಪು ಮೊದಲೇ ಸಿಗಲಿಲ್ಲ. ಮೇಲಿನವರು ಬಂದು ನನ್ನ ಗೇಜು ಅಳೆದರು, ಸರಿಯಿತ್ತು. ಬಿಲ್ಲೆಯ ದಪ್ಪ ಅಳೆದರು, ಅದೂ ಸರಿಯಿತ್ತು. ಗೇಜು ಸರಿ, ಬಿಲ್ಲೆ ಸರಿ, ಹಾಗಾದರೆ ತಪ್ಪು ಯಾರದು? ಕೈಯದ್ದು. ದಿನಕ್ಕೆ ಎರಡು ಸಾವಿರ ರೋಲು ಕಟ್ಟುವ ಹೆಂಗಸು ರೋಲಿಗೊಂದು ಬಿಲ್ಲೆ ಎತ್ತಿಟ್ಟುಕೊಂಡರೆ ಎಷ್ಟಾಯಿತು ಎಂದು ನನ್ನ ಮುಂದೆಯೇ ಗುಣಿಸಿದರು. ಎರಡು ಸಾವಿರ ಬಿಲ್ಲೆಯನ್ನು ಮೈಮೇಲೆ ಎಲ್ಲಿ ಇಟ್ಟುಕೊಂಡು ಹೋಗಲಿ, ನಾನೇನು ಗೂಡ್ಸ್ ಗಾಡಿಯೇ ಎಂದು ಕೇಳಿದೆ. ಯಾರೂ ನಗಲಿಲ್ಲ. ಗೇಟಿನ ಪಕ್ಕದ ಕೋಣೆಯಲ್ಲಿ ಚಪ್ಪಲಿ ಬಿಡಿಸಿದರು, ಜಡೆ ಬಿಚ್ಚಿಸಿದರು, ಬಾಯಿ ತೆರೆಸಿದರು. ಇಪ್ಪತ್ತೆರಡು ವರ್ಷ ಅದೇ ಗೇಟಿನಲ್ಲಿ ನನಗೆ ನಮಸ್ಕಾರ ಹೇಳುತ್ತಿದ್ದ ಹೆಂಗಸೇ ನನ್ನ ನಾಲಿಗೆಯ ಅಡಿ ಟಾರ್ಚ್ ಬಿಟ್ಟು ನೋಡಿದಳು. ನಿಜ ತಿಳಿಯುವವರೆಗೆ ಕೆಲಸಕ್ಕೆ ಬರಬೇಡ ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನಂತೆ. ಕದಿಯದವರೂ ಮುಟ್ಟಿಕೊಳ್ಳುತ್ತಾರೆ, ನಾನು ಮುಟ್ಟಿಕೊಂಡೆ. ಮನೆಗೆ ಬಂದು ಚೀಲ ಕೊಡವಿದೆ, ಜೇಬು ತಿರುವಿದೆ, ಎಲ್ಲಾದರೂ ಒಂದು ಬಿಲ್ಲೆ ಸಿಕ್ಕೀತೇನೋ ಎಂದು ಹಾಸಿಗೆಯಡಿ ಕೂಡ ನೋಡಿದೆ. ನಾಲ್ಕನೇ ದಿನ ನನ್ನ ಗಂಡ ತಟ್ಟೆಯಿಂದ ತಲೆ ಎತ್ತದೆ ಕೇಳಿದ: "ನನ್ ಹತ್ರ ಹೇಳ್ಬಹುದು ನೀನು. ತಗೊಂಡ್ಯಾ?" ಅಧಿಕಾರಿಗಳು ಕೇಳಿದಾಗ ಕೂಗಾಡಿದವಳು ಅವನಿಗೆ ಇನ್ನೊಂದು ಸೌಟು ಸಾರು ಬಡಿಸಿ ಎದ್ದುಹೋದೆ.

ಆ ದಿನಗಳಲ್ಲಿ ಭಾವ ಎರಡು ಸಲ ನಮ್ಮ ಮನೆಗೆ ಬಂದರು. ಕುರ್ಚಿಯ ತುದಿಯಲ್ಲಿ ಕೂತು ಒಂದು ಲೋಟ ನೀರು ಕುಡಿದರು. ಜೇಬಿನಿಂದ ಭೂತಗನ್ನಡಿ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಜೇಬಿಗಿಟ್ಟರು. "ಸರಿಹೋಗುತ್ತೆ," ಎಂದರು. ಇಡೀ ಕ್ವಾರ್ಟರ್ಸಿನಲ್ಲಿ ನಮ್ಮ ಹೊಸ್ತಿಲು ದಾಟಿದವರು ಅವರೊಬ್ಬರೇ. ಎಂಥ ದೊಡ್ಡ ಮನಸ್ಸು ಎಂದು ನಾನು ಕಣ್ಣೊರೆಸಿಕೊಂಡೆ. ಈಗ ಅದನ್ನು ನೆನೆದರೆ ಮೈ ಉರಿಯುತ್ತದೆ.

ಹನ್ನೊಂದನೇ ದಿನ, ಬೆಳಗಿನ ವ್ಯಾಪಾರದ ಹೊತ್ತಿನಲ್ಲಿ, ಕೋಲಿನ ಸದ್ದಾಯಿತು. ಅಕ್ಕ ಅಂಗಡಿ ಮುಚ್ಚಿ ಬಂದಿದ್ದಳು. ಅವಳು ಜ್ವರ ಬಂದಾಗಲೂ ಮುಚ್ಚಿದವಳಲ್ಲ. ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಹೊಸ ಐದರ ಬಿಲ್ಲೆಗಳನ್ನು ನನ್ನ ಮೇಜಿನ ಮೇಲೆ ಸುರಿದಳು.

"ಇದರಲ್ಲಿ ಒಂದು ತಗೋ. ಸೇತುವೆಯ ನೆತ್ತಿಯ ನೇರಕ್ಕೆ, ಚಿತ್ರದ ಸುತ್ತ ಉಬ್ಬಿರೋ ಅಂಚಿನ ಮೇಲೆ ಉಗುರು ಎಳಿ."

ಎಳೆದೆ. ಉಗುರಿಗೆ ಏನೋ ತಡೆಯಿತು. ಕಿಟಕಿಯ ಬೆಳಕಿಗೆ ಹಿಡಿದರೆ ಅಂಚಿನ ಮೇಲೊಂದು ಚುಕ್ಕಿ. ಸಾಸಿವೆಯ ಕಾಲುಭಾಗವೂ ಇಲ್ಲ.

"ಮೊದಲನೇ ದಿನವೇ ಸಿಕ್ತು ನಂಗೆ," ಎಂದಳು. "ಮನೆಯೋರು ಹೇಳಲಿಲ್ಲ, ನಾನು ಕೇಳಲಿಲ್ಲ. ಕೇಳಿದ್ರೆ ಹಾಳಾಗುತ್ತೆ ಅನ್ನಿಸ್ತು. ಈಗ ಚುಕ್ಕಿ ಎಲ್ಲ ಒಂದೇ ಕಡೆ ಬರೋ ಹಾಗೆ ಇಟ್ಟು ಪೇರಿಸು."

ಹತ್ತು ಪೇರಿಸುವಷ್ಟರಲ್ಲಿ ಸಾಲು ಒಂದು ಕಡೆ ವಾಲಿತು. ಇಪ್ಪತ್ತಕ್ಕೆ ಬಿದ್ದೇಹೋಯಿತು. ಒಂದೊಂದು ಚುಕ್ಕಿಯೂ ಬಿಲ್ಲೆಯನ್ನು ಒಂದು ಕೂದಲಿನಷ್ಟು ಎತ್ತುತ್ತಿತ್ತು. ಹನಿ ಹನಿ ಕೂಡಿದರೆ ಹಳ್ಳ ಎಂದು ಚಿಕ್ಕಂದಿನಿಂದ ಹೇಳಿದ್ದೇ ಹೇಳಿದ್ದು. ಐವತ್ತು ಕೂದಲು ಕೂಡಿದರೆ ಒಂದು ಬಿಲ್ಲೆಯ ದಪ್ಪವಾಗುತ್ತದೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಗೇಜು ಕತ್ತರಿಸಿದ್ದು ಚುಕ್ಕಿಯಿಲ್ಲದ ಮಾದರಿಗೆ. ಮಾದರಿ ಪಾಸಾದ ಮೇಲೆ ಮೂಲ ಅಚ್ಚಿಗೆ ಭಾವ ಒಂದು ಸೂಜಿಮೊನೆ ಇಳಿಸಿದ್ದರು. ದಪ್ಪ ಅಳೆಯುವವರು ಯಾವಾಗಲೂ ಚಿತ್ರದ ಬುಡದ ಕಡೆ ಹಿಡಿದು ಅಳೆಯುತ್ತಾರೆಂದು ಮೂವತ್ತು ವರ್ಷ ನೋಡಿದವರು, ಚುಕ್ಕಿಯನ್ನು ನೆತ್ತಿಗಿಟ್ಟಿದ್ದರು. ಎಲ್ಲ ಯೋಚಿಸಿದ್ದರು. ಬಿಲ್ಲೆಯನ್ನು ಒಂದೊಂದಾಗಿ ನೋಡಿಯೇ ಬದುಕಿದ ಮನುಷ್ಯನಿಗೆ ಐವತ್ತನ್ನು ಒಟ್ಟಿಗೆ ಪೇರಿಸಿದರೆ ಏನಾಗುತ್ತದೆಂಬುದೊಂದು ಹೊಳೆದಿರಲಿಲ್ಲ.

"ಯಾವಾಗ ಗೊತ್ತಾಯ್ತಂತೆ ಅವರಿಗೆ?" ಬಿದ್ದ ಬಿಲ್ಲೆಗಳನ್ನು ಕೂಡಿಸುತ್ತ ಕೇಳಿದೆ.

"ನಿನ್ನನ್ನ ಮನೆಗೆ ಕಳಿಸಿದ ದಿನವೇ."

"ಹನ್ನೊಂದು ದಿನ, ಅಕ್ಕ."

"ಹೂಂ. ಇವತ್ತು ನಾನಾಗೇ ಕೇಳ್ದೆ. ಹೌದು ಅಂದ್ರು. ಇದು ಹೋದ್ರೆ ನಿನ್ನ ಬೆರಳು ಹೋಗುತ್ತಲ್ಲೇ ಅಂದ್ರು. ನೀವು ಹೋಗಿ ಹೇಳ್ತೀರೋ, ನಾನು ಕೋಲು ಹಿಡ್ಕೊಂಡು ಗೇಟಿಗೆ ಹೋಗ್ಲೋ ಅಂದೆ. ಹೋಗಿದಾರೆ." ಅವಳ ಕೈ ಮೇಜಿನ ಮೇಲೆ ನನ್ನ ಕೈಯನ್ನು ಹುಡುಕಿತು. "ನಿನ್ನ ಮಾನ ಅಡವಿಟ್ಟು ನಾನು ಚಿಲ್ಲರೆ ಎಣಿಸ್ಲಾ?"

ಅಲ್ಲಿಗೆ ಮುಗಿದಿದ್ದರೆ ಈ ಕತೆಯನ್ನು ನಾನು ತಲೆ ಎತ್ತಿ ಹೇಳುತ್ತಿದ್ದೆ.

ನಾಲ್ಕು ದಿನದ ಮೇಲೆ ನನ್ನನ್ನು ವಿಚಾರಣೆಗೆ ಕರೆದರು. ಭಾವ ಹೊರಗೆ ಬೆಂಚಿನ ಮೇಲೆ ಕೂತಿದ್ದರು, ಎರಡೂ ಕಣ್ಣು ತೆರೆದುಕೊಂಡು. ನನ್ನನ್ನು ನೋಡಿ ಎದ್ದು ನಿಂತರು. ನಾನು ಮುಖ ತಿರುಗಿಸಿಕೊಂಡು ಒಳಗೆ ಹೋದೆ. ಒಳಗಿದ್ದ ಮೂವರಲ್ಲಿ ಹಿರಿಯರು ಕೆಮ್ಮುತ್ತಿದ್ದರು. ನನ್ನನ್ನು ಕೂರಿಸಿ, ತಪ್ಪಾಯಿತಮ್ಮ ಎಂದರು. ಸರ್ಕಾರಿ ಕೋಣೆಯಲ್ಲಿ ಆ ಮಾತು ನಾನು ಕೇಳಿದ್ದು ಅದೊಂದೇ ಸಲ. ಆಮೇಲೆ ಒಂದು ಐದರ ಬಿಲ್ಲೆಯನ್ನು ಬೆರಳಲ್ಲಿ ತಿರುಗಿಸುತ್ತ ಕೇಳಿದರು:

"ಅವರು ಮಾಡಿದ್ದು ತಪ್ಪೇ, ಶಿಕ್ಷೆ ಆಗುತ್ತೆ. ಆದ್ರೆ ಈ ಚುಕ್ಕಿ ಕಣ್ಣಿಲ್ಲದೋರಿಗೆ ಉಪಯೋಗ ಆಗ್ತಿದೆ ಅಂತ ಕಾಣುತ್ತೆ. ನಿಮ್ಮ ಗೇಜನ್ನ ಒಂದು ಬಿಲ್ಲೆಯಷ್ಟು ಉದ್ದ ಮಾಡಿಕೊಟ್ರೆ, ಚುಕ್ಕಿ ಇಟ್ಕೊಂಡೇ ಕೆಲಸ ನಡೆಯುತ್ತಾ? ಯಂತ್ರ ನಡೆಸೋರು ನೀವು. ನೀವೇ ಹೇಳ್ಬೇಕು."

ನಡೆಯುತ್ತಿತ್ತು. ಫಿಟ್ಟರಿಗೆ ಅರ್ಧ ಗಂಟೆಯ ಕೆಲಸ. ಮೂರು ವಾರ ಅದೇ ಬಿಲ್ಲೆ ನನ್ನ ಕೊಳವೆಯಲ್ಲಿ ನೀರಿನಂತೆ ಹರಿದಿತ್ತು. ಅದೆಲ್ಲ ಗೊತ್ತಿತ್ತು ನನಗೆ. ಆದರೆ ಆ ಹೊತ್ತಿಗೆ ಕಣ್ಣ ಮುಂದೆ ಬಂದದ್ದು ಅಕ್ಕನ ಬಟ್ಟಲುಗಳಲ್ಲ. ಕುರ್ಚಿಯ ತುದಿಯಲ್ಲಿ ಕೂತು ನೀರು ಕುಡಿದು ಸರಿಹೋಗುತ್ತೆ ಎಂದ ಮನುಷ್ಯ. ನಾಲಿಗೆಯ ಅಡಿ ಬಿಟ್ಟ ಟಾರ್ಚು. ತಟ್ಟೆಯಿಂದ ತಲೆ ಎತ್ತದೆ ಕೇಳಿದ ನನ್ನ ಗಂಡ.

"ಇಲ್ಲ ಸಾರ್, ನಡೆಯಲ್ಲ," ಎಂದೆ. "ಕೊಳವೇಲಿ ಸಿಕ್ಕಾಕೊಳ್ಳುತ್ತೆ."

ಅವರು ಕೆಮ್ಮಿ, ಬರೆದುಕೊಂಡರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದನ್ನು ಆ ಪೆನ್ನಿನ ಸದ್ದಿನಲ್ಲಿ ಕೇಳಿದೆ. ಆದರೂ ವಾಪಸು ತೆಗೆದುಕೊಳ್ಳಲಿಲ್ಲ.

ಅಚ್ಚು ಬದಲಾಯಿತು. ಚುಕ್ಕಿಯ ಬಿಲ್ಲೆಗಳು ಬ್ಯಾಂಕಿಗೆ ಬಂದಂತೆಲ್ಲ ಕರಗಿಸಲು ಬಂದವು. ನಿವೃತ್ತಿಗೆ ಎರಡು ವರ್ಷವಿದ್ದಾಗ ಭಾವನನ್ನು ಮನೆಗೆ ಕಳಿಸಿದರು, ಪಿಂಚಣಿ ಅರ್ಧ. ನಾನು ಹದಿನೇಳನೇ ಯಂತ್ರಕ್ಕೆ ವಾಪಸಾದೆ. ಗೇಟಿನ ಹೆಂಗಸು ಮತ್ತೆ ನಮಸ್ಕಾರ ಹೇಳತೊಡಗಿದಳು.

ಆದೇಶದ ಪ್ರತಿ ಬಂದ ಸಂಜೆ ನಾನು ಅಕ್ಕನ ಪಕ್ಕದಲ್ಲೇ ಕೂತಿದ್ದೆ. ಭಾವ ಭೂತಗನ್ನಡಿ ಹಿಡಿದು ಅವಳಿಗೆ ಓದಿ ಹೇಳುತ್ತಿದ್ದರು. ಕಾಗದ ಓದಲು ಅವರಿಗೆ ಅದು ಬೇಕಿರಲಿಲ್ಲ, ಅಭ್ಯಾಸಬಲ. ಎರಡನೇ ಪುಟದಲ್ಲಿ ಒಂದು ಕಡೆ ನಿಂತರು. ಮುಚ್ಚಿದ್ದ ಎಡಗಣ್ಣು ತೆರೆಯಿತು. ಕಾಗದದಿಂದ ತಲೆ ಎತ್ತಿ ನನ್ನನ್ನು ಒಂದು ಗಳಿಗೆ ನೋಡಿದರು.

"ಯಾಕೆ ನಿಲ್ಸಿದ್ರಿ?" ಎಂದಳು ಅಕ್ಕ.

"ಅಕ್ಷರ ಅಳಿಸಿದೆ," ಎಂದು ಮುಂದಿನ ಸಾಲಿಗೆ ಹೋದರು.

ಆಮೇಲೆ ಆ ಕಾಗದವನ್ನು ನಾನೇ ನೋಡಿದೆ. ಅಕ್ಷರ ಅಳಿಸಿರಲಿಲ್ಲ. 'ಗೇಜು ಬದಲಾಯಿಸಿ ಚುಕ್ಕಿಯನ್ನು ಉಳಿಸಿಕೊಳ್ಳುವ ಸಲಹೆಯನ್ನು ಪ್ಯಾಕಿಂಗ್ ವಿಭಾಗದ ಹದಿನೇಳನೇ ಸಂಖ್ಯೆಯವರ ಅಭಿಪ್ರಾಯದಂತೆ ಕೈಬಿಡಲಾಗಿದೆ' ಎಂದು ಸ್ಪಷ್ಟವಾಗಿತ್ತು. ಹನ್ನೊಂದು ದಿನ ಬಾಯಿ ಬಿಡದ ಮನುಷ್ಯ, ಅದಾದ ಮೇಲೆ ಬದುಕಿದ್ದ ನಾಲ್ಕು ವರ್ಷವೂ ಬಾಯಿ ಬಿಡಲಿಲ್ಲ. ಮೊದಲನೆಯ ಮೌನಕ್ಕೆ ನಾನು ಅವರನ್ನು ಕ್ಷಮಿಸಿಲ್ಲ. ಎರಡನೆಯದಕ್ಕೆ ಏನು ಮಾಡಬೇಕೋ ತಿಳಿದಿಲ್ಲ. ಬೈದಿದ್ದರೆ ಬೈಸಿಕೊಂಡು ಹಗುರವಾಗುತ್ತಿದ್ದೆ.

ಭಾವ ಹೋಗಿ ಈಗ ಎರಡು ವರ್ಷ. ಅಕ್ಕ ಅಂಗಡಿ ಬಿಟ್ಟಿಲ್ಲ. ಬೆಳಗ್ಗೆ ಒಬ್ಬಳೇ ಇರುವಾಗ ಐದು ಕೊಟ್ಟು ಹತ್ತು ಎನ್ನುವವರಿದ್ದಾರೆ. ನಗುತ್ತ ಮಾತಾಡಿಸುತ್ತಲೇ ಹಾಗೆ ಮಾಡುವವರಿದ್ದಾರೆ. ಅವಳಿಗೂ ಗೊತ್ತು. ತಿಂಗಳ ಕೊನೆಗೆ ಪೇಪರಿನವನಿಗೆ ಕೊಡುವಾಗ ಗೊತ್ತಾಗಿಯೇ ಆಗುತ್ತದೆ. ಸಂಜೆ ನನ್ನ ಡ್ಯೂಟಿ ಮುಗಿದ ಮೇಲೆ ನಾನು ಹೋಗಿ ಅವಳ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತೇನೆ. ಬಟ್ಟಲು ಈಗ ಒಂದೇ, ಎಲ್ಲ ಅದರೊಳಗೆ ಕಲಸುಮೇಲೋಗರ. ನಾನು ಬಂದ ಮೇಲೆ ಬಿಡಿಸುತ್ತೇವೆ.

ನಿನ್ನೆಯೂ ಬಿಡಿಸುತ್ತಿದ್ದೆವು. ಅವಳು ಒಂದು ಬಿಲ್ಲೆ ಎತ್ತಿಕೊಂಡಳು. ಹೆಬ್ಬೆರಳು ಹಳೆಯ ಅಭ್ಯಾಸದಂತೆ ಅಂಚಿನ ಸುತ್ತ ಒಂದು ಸುತ್ತು ಹೋಗಿ, ಎಲ್ಲೂ ತಡೆಯದೆ, ಹೊರಟ ಜಾಗಕ್ಕೇ ಬಂತು. ಇನ್ನೊಂದು ಸುತ್ತು ಹೋಯಿತು. ಅಕ್ಕ ಅದನ್ನು ನನ್ನ ಅಂಗೈಗೆ ಹಾಕಿದಳು.

"ಐದಾ ಹತ್ತಾ, ನೋಡು. ಬೇರೆ ಯಾರ ಮಾತನ್ನೂ ನಾನು ನಂಬಲ್ಲ. ನೀನು ಹೇಳಿದ್ರೆ ಮುಗೀತು."

ವಿಚಾರಣೆಯ ದಿನ ಆಡಿದ್ದನ್ನು ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವಳು ಕೈ ಚಾಚಿಕೊಂಡು ಕಾಯುತ್ತಿದ್ದಳು.

"ಐದು, ಅಕ್ಕ," ಎಂದೆ.